ಟಾಲರೆನ್ಸ್, ವಿತ್‌ಡ್ರಾಯಲ್, ಅಡಿಕ್ಷನ್: ಮನೆಮಂದಿಗೆ ಅರ್ಥವಾಗುವ ಕನ್ನಡ ಯಾವುದು?

ಗೆಳೆಯರೇ, ನಮಸ್ಕಾರ.

ಮಾದಕ ವಸ್ತುಗಳಿಂದ ಮೈಗೆ, ಮನೆಗೆ ಏನಾಗುತ್ತದೆ ಅಂತ ತಿಳಿಸುವ ಒಂದು ಕೈಪಿಡಿಯ ಕನ್ನಡ ಕರಡನ್ನು ತಿದ್ದುತ್ತಿದ್ದೇನೆ. ಓದುವವರು ಡಾಕ್ಟರುಗಳಲ್ಲ. ಕುಡಿತಕ್ಕೋ ಗಾಂಜಾಕ್ಕೋ ನಿದ್ದೆ ಮಾತ್ರೆಗೋ ಸಿಕ್ಕಿಬಿದ್ದವರ ಮನೆಯವರು. ಕರಡಿನಲ್ಲಿ ಟಾಲರೆನ್ಸ್‌ಗೆ (ದಿನ ಕಳೆದಂತೆ ಮೊದಲಿನ ಅಳತೆ ಸಾಲದಾಗುವುದಕ್ಕೆ) 'ಸಹಿಷ್ಣುತೆ' ಅಂತಿದೆ, ವಿತ್‌ಡ್ರಾಯಲ್‌ಗೆ (ಬಿಟ್ಟಾಗ ಮೈಗಾಗುವ ತೊಂದರೆಗೆ) 'ಹಿಂತೆಗೆತ' ಅಂತಿದೆ. ಅಡಿಕ್ಷನ್ (ಹಾನಿ ಕಂಡರೂ ಬಿಡಲಾಗದ ಕಾಯಿಲೆ), ಡಿಪೆಂಡೆನ್ಸ್ (ಮೈ ಅದಕ್ಕೆ ಒಗ್ಗಿಹೋಗಿ ಬಿಟ್ಟರೆ ತೊಂದರೆಯಾಗುವುದು), ಬರೀ ಅಭ್ಯಾಸ, ಈ ಮೂರಕ್ಕೂ 'ಚಟ' ಅಂತಲೇ ಇದೆ. ಪದ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ನನ್ನ ತಕರಾರಲ್ಲ. ಇಲ್ಲಿ ಪದ ದಾರಿ ತಪ್ಪಿಸಿದರೆ ಓದುವವರ ಮನೆಯಲ್ಲಿ ಒಂದು ಜೀವ ಹೋಗಬಹುದು.

ಮೊದಲು ಚಟ. ಉಗುರು ಕಚ್ಚುವುದೂ ಚಟ, ಇಸ್ಪೀಟೂ ಚಟ, ಸುಮ್ನೆ ಮೊಬೈಲ್ ತೀಡುವುದೂ ಚಟ. ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದು, ಬಿಡದಿದ್ದರೆ ಕೊಬ್ಬು ಅನ್ನುವ ಧ್ವನಿ ಈ ಪದದಲ್ಲಿದೆ. ಕರಡಿನ ಒಂದು ವಾಕ್ಯ ನೋಡಿ: 'ಕುಡಿತದ ಚಟವನ್ನು ಇಂದೇ ಸಂಪೂರ್ಣವಾಗಿ ತ್ಯಜಿಸಿ.' ಯಾವಾಗಲೋ ಒಮ್ಮೆ ಕುಡಿಯುವವರಿಗೆ ಇದು ಸರಿ. ವರ್ಷಗಟ್ಟಲೆ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುತ್ತಿರುವವರಿಗೆ ಹೀಗೆ ಹೇಳುವಂತಿಲ್ಲ. ಮದ್ಯ ಮಿದುಳಿನ ಕೆಲಸವನ್ನು ನಿಧಾನ ಮಾಡುತ್ತದೆ. ದಿನವೂ ಹೀಗಾದರೆ ಮಿದುಳು ಅದಕ್ಕೆ ಎದುರಾಗಿ ತನ್ನ ಚುರುಕನ್ನು ಏರಿಸಿಕೊಂಡಿರುತ್ತದೆ. ಆಗ ಕುಡಿತ ಥಟ್ಟನೆ ನಿಂತರೆ, ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಹಗ್ಗ ಕೈಬಿಟ್ಟ ಹಾಗೆ. ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ಎದೆ ಡವಡವ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಹೊದಿಕೆಯಿಂದ ಇಲ್ಲದ್ದನ್ನು ಹೆಕ್ಕುತ್ತಾರೆ, ಎದುರಿಗಿರುವ ಹೆಂಡತಿಯ ಗುರುತೂ ಹತ್ತುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಸಾಯಲೂಬಹುದು. ಮನೆಯವರಿಗೆ ಇದು ನಾಟಕದಂತೆ ಕಂಡರೆ ಅವರ ತಪ್ಪೇನೂ ಇಲ್ಲ. ಚಟ ಬಿಟ್ಟರೆ ಒಳ್ಳೆಯದೇ ಆಗಬೇಕಲ್ವಾ!

ಇನ್ನೊಂದು ಕಡೆಯಿಂದಲೂ ಈ ಪದ ಕೈಕೊಡುತ್ತದೆ. ಕ್ಯಾನ್ಸರ್ ನೋವಿಗೆ ಡಾಕ್ಟರ್ ಹೇಳಿದಷ್ಟೇ ಮಾರ್ಫಿನ್ ತೆಗೆದುಕೊಳ್ಳುವವರ ಮೈ ಕೂಡ ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಅವರಿಗೂ ತೊಂದರೆಯಾಗುತ್ತದೆ. ಆದರೆ ಅವರು ಅದನ್ನು ಹುಡುಕಿಕೊಂಡು ಅಲೆಯುವುದಿಲ್ಲ, ಅದಕ್ಕಾಗಿ ಸಾಲ ಮಾಡುವುದಿಲ್ಲ, ಸುಳ್ಳು ಹೇಳುವುದಿಲ್ಲ. ಅದನ್ನೂ 'ಚಟ' ಅಂದರೆ ಮನೆಯವರು ಹೆದರಿ ಔಷಧಿಯನ್ನೇ ಕಡಿಮೆ ಮಾಡುತ್ತಾರೆ. ರೋಗಿ ನೋವು ತಿನ್ನಬೇಕು. ಇಂಗ್ಲಿಷಿನವರೂ ಇಲ್ಲಿ ಪರದಾಡಿದವರೇ. 1964ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಅಡಿಕ್ಷನ್ ಬೇಡ, ಡಿಪೆಂಡೆನ್ಸ್ ಅನ್ನಿ ಅಂತ ಹೇಳಿತು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಪೆಂಡೆನ್ಸನ್ನೂ ಬಿಟ್ಟು 'ಯೂಸ್ ಡಿಸಾರ್ಡರ್' (ಬಳಕೆಯ ಕಾಯಿಲೆ) ಅಂದಿತು. 11 ಲಕ್ಷಣಗಳಲ್ಲಿ ಎರಡಾದರೂ 12 ತಿಂಗಳೊಳಗೆ ಕಂಡರೆ ಅದು ಕಾಯಿಲೆ ಅಂತ ಲೆಕ್ಕ. ಡಾಕ್ಟರ್ ಹೇಳಿದಂತೆ ಔಷಧಿ ತೆಗೆದುಕೊಳ್ಳುವಾಗ ಮೈ ಒಗ್ಗುವುದನ್ನು ಅದು ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

'ವ್ಯಸನ' ಬಳಸಬಹುದು, ಜನಕ್ಕೂ ಗೊತ್ತು. ಆದರೆ ದುಃಖ ಅನ್ನುವ ಅರ್ಥವೂ ಅದಕ್ಕಿದೆ. ಸಪ್ತವ್ಯಸನದ ಪಟ್ಟಿಯಲ್ಲಿ ಜೂಜು, ಕಳ್ಳತನದ ಜೊತೆ ಕೂತು ಪಾಪದ ವಾಸನೆಯೂ ಹತ್ತಿದೆ. ಆದರೂ ಕಾಯಿಲೆಗೆ ವ್ಯಸನ ಅಂತಲೇ ಇಟ್ಟುಕೊಂಡು, ಡಿಪೆಂಡೆನ್ಸ್‌ಗೆ ಪದದ ಬದಲು 'ಅದಿಲ್ಲದೆ ಮೈ ನಡೆಯದ ಸ್ಥಿತಿ' ಅಂತ ಬಿಡಿಸಿ ಬರೆಯೋಣ ಅನಿಸಿದೆ. ಉದ್ದವಾಯಿತು, ನಿಜ. 'ಅವಲಂಬನೆ' ಅಂದರೆ ಮುಪ್ಪಿನಲ್ಲಿ ಮಕ್ಕಳನ್ನು ನೆಚ್ಚಿಕೊಂಡ ಹಾಗೆ ಕೇಳುತ್ತದೆ.

ಇನ್ನು ಸಹಿಷ್ಣುತೆ. 'ಕ್ರಮೇಣ ಮಾದಕ ವಸ್ತುವಿನ ಬಗ್ಗೆ ಸಹಿಷ್ಣುತೆ ಬೆಳೆಯುತ್ತದೆ.' ಏನೋ ಒಳ್ಳೆಯ ಗುಣ ಬಂದಂತಿದೆ! ಜನ ಇದಕ್ಕೆ 'ಕೆಪಾಸಿಟಿ' ಅನ್ನುತ್ತಾರೆ, ಅದೂ ಹೆಮ್ಮೆಯಿಂದ. 'ಅವನದು ಭಾರೀ ಕೆಪಾಸಿಟಿ, ಎಷ್ಟು ಹಾಕಿದ್ರೂ ಅಲ್ಲಾಡಲ್ಲ.' ಅಲ್ಲಾಡದಿರುವುದು ಕಾಲು ಮಾತ್ರ, ಯಕೃತ್ತಿಗೆ ಅಂಥ ಕೆಪಾಸಿಟಿ ಏನೂ ಬಂದಿರುವುದಿಲ್ಲ. ನಾನು 'ಒಗ್ಗಿಕೆ' ಅಂತ ಬರೆದು ನೋಡಿದೆ. ಮೊದಲಿನಷ್ಟಕ್ಕೆ ಏರುವುದಿಲ್ಲ, ಇನ್ನಷ್ಟು ಬೇಕಾಗುತ್ತದೆ ಅನ್ನುವುದು ಅದರಲ್ಲಿ ಬರುತ್ತದೆ. ಸಾಲದು. ಒಗ್ಗಿದ್ದು ಇಳಿದೂ ಹೋಗುತ್ತದೆ ಅನ್ನುವುದು ಓದುಗರಿಗೆ ಮುಟ್ಟಲೇಬೇಕು. ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದವರು ಜೈಲಿನಲ್ಲೋ ಚಿಕಿತ್ಸೆಯಲ್ಲೋ ಕೆಲವು ವಾರ ಬಿಟ್ಟಿದ್ದು ಹೊರಗೆ ಬರುತ್ತಾರೆ. ಹಳೇ ಅಳತೆಯನ್ನೇ ತೆಗೆದುಕೊಂಡರೆ ಉಸಿರು ನಿಧಾನವಾಗಿ ನಿಂತೇಹೋಗುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ, ತುಟಿ ನೀಲಿ, ಗಂಟಲಲ್ಲಿ ಗೊರಗೊರ. ಗಾಢ ನಿದ್ದೆ ಅಂದುಕೊಂಡು ಮಲಗಲು ಬಿಟ್ಟವರಿದ್ದಾರೆ. ಹೆರಾಯಿನ್ ಪರಿಣಾಮವನ್ನು ತಡೆಯುವ ನಲೊಕ್ಸೋನ್ ಔಷಧಿಯನ್ನು ಬೇಗ ಕೊಟ್ಟರೆ ಉಳಿಸಬಹುದು.

ಹಾಗಾಗಿ ಓವರ್‌ಡೋಸ್‌ಗೆ 'ಅತಿಯಾದ ಸೇವನೆ' ಅನ್ನುವುದೂ ನನಗೆ ಒಪ್ಪಿಗೆಯಿಲ್ಲ. ಅವರು ಅತಿಯಾಸೆಯಿಂದ ಜಾಸ್ತಿ ತೆಗೆದುಕೊಂಡಿರುವುದಿಲ್ಲ. ಅಳತೆ ಅದೇ, ಮೈ ಬೇರೆ. ಇಲ್ಲವೇ ಪೊಟ್ಟಣದೊಳಗೆ ಫೆಂಟನಿಲ್ ಅನ್ನುವ ನೋವಿನ ಔಷಧಿ ಬೆರೆತಿರುತ್ತದೆ. ಅದು ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಜೋರು. 'ಓವರ್‌ಡೋಸ್' ಅಂತಲೇ ಉಳಿಸಿ ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಡೋಣವೇ?

ಹಿಂತೆಗೆತ ಅಂದರೆ ಸೇನೆಯೋ ಬ್ಯಾಂಕಿನ ಹಣವೋ ನೆನಪಾಗುತ್ತದೆ. 'ಬಿಟ್ಟಾಗಿನ ಬಾಧೆ' ನನಗೆ ಇಷ್ಟವಾಗಿದೆ. ಯಾವುದನ್ನು ಬಿಟ್ಟಾಗ ಅಂತ ಹೇಳಿಬಿಟ್ಟರೆ ಬಾಧೆಯ ಬಗೆಯೂ ಗೊತ್ತಾಗುತ್ತದೆ. ಹೆರಾಯಿನ್ ಬಿಟ್ಟವರಿಗೆ ಆಕಳಿಕೆ, ಮೂಗು ಕಣ್ಣಲ್ಲಿ ನೀರು, ರೋಮಾಂಚ, ಹೊಟ್ಟೆ ನುಲಿತ, ಭೇದಿ. ನರಕ, ಆದರೂ ಅದೊಂದೇ ಜೀವ ತೆಗೆಯುವುದು ಅಪರೂಪ. ಗಾಂಜಾ ಬಿಟ್ಟವರಿಗೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಸಿಡುಕು. ಸಿಗರೇಟಿನದನ್ನು ಯಾರೂ ಬಾಧೆ ಅಂತ ಎಣಿಸುವುದೇ ಇಲ್ಲ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ. ರಾತ್ರಿಯೆಲ್ಲ ಮಲಗಿದವರಿಗೆ ಬೆಳಿಗ್ಗೆ ಬಾಧೆ ಶುರುವಾಗಿರುತ್ತದೆ. 'ಒಂದು ದಮ್ ಎಳೆದರೆ ಟೆನ್ಷನ್ ಹೋಗತ್ತೆ' ಅನ್ನುವುದು ಬಹುಪಾಲು ಆ ಸಿಗರೇಟೇ ತಂದ ಟೆನ್ಷನ್.

ಕ್ರೇವಿಂಗ್‌ಗೆ (ಬೇಕೇ ಬೇಕು ಅನ್ನಿಸುವ ತುಡಿತಕ್ಕೆ) 'ತೆವಲು' ಎಷ್ಟು ಚೆನ್ನಾಗಿ ಕೂರುತ್ತದೆ! ಆದರೆ ಬೈಗುಳದ ಹತ್ತಿರ. ಕೆಲವು ಕಡೆ 'ತಲಬು' ಅನ್ನುತ್ತಾರೆ, ಅದರಲ್ಲಿ ತಿರಸ್ಕಾರ ಕಡಿಮೆ. ಎಲ್ಲರಿಗೂ ತಿಳಿಯುತ್ತದೆಯೇ? ಬಳಸುವವರು ಹೇಳಿ. 'ಕುಡುಕ', 'ಗಾಂಜಾ ಗಿರಾಕಿ' ಇವನ್ನಂತೂ ಕರಡಿನಿಂದ ತೆಗೆದುಹಾಕಿದ್ದೇನೆ. ಹಾಗೆ ಕರೆಸಿಕೊಳ್ಳುವ ನಾಚಿಕೆಗೇ ಎಷ್ಟೋ ಜನ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ.

ಸಮಾಜದ ಮೇಲಿನ ಪರಿಣಾಮದ ಅಧ್ಯಾಯದಲ್ಲಿ ಬೇರೆಯದೇ ತೊಡಕು. ಅಲ್ಲಿ ಎಲ್ಲ ಕಡೆ 'ಮಾದಕ ವಸ್ತು' ಅಂತಿದೆ. ಓದುವವರಿಗೆ ಹೆರಾಯಿನ್, ಕೊಕೇನ್, ಗಾಂಜಾ ಮಾತ್ರ ಕಣ್ಣಿಗೆ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಲೆಕ್ಕದಲ್ಲಿ ಅಂಥ ಡ್ರಗ್ಸ್‌ನಿಂದ ಸತ್ತವರು ಸುಮಾರು 6 ಲಕ್ಷ, ಮದ್ಯದಿಂದ 26 ಲಕ್ಷ. ತಂಬಾಕಿನಿಂದ ವರ್ಷಕ್ಕೆ 70 ಲಕ್ಷಕ್ಕೂ ಜಾಸ್ತಿ. ಈ ಲೆಕ್ಕಗಳಲ್ಲಿ ಒಮ್ಮೆಯೂ ಸೇದದೆ ಬೇರೆಯವರ ಹೊಗೆ ಕುಡಿದವರೂ, ಕುಡಿದು ಓಡಿಸಿದವರ ಗಾಡಿಗೆ ಸಿಕ್ಕವರೂ ಇದ್ದಾರೆ. ಈ ಮೂರನ್ನೂ ಒಟ್ಟಿಗೆ ಹೇಳುವ ಪದ ಬೇಕು. 'ಅಮಲು ಪದಾರ್ಥ' ಅಂದರೆ ತಂಬಾಕು ಹೊರಗುಳಿಯುತ್ತದೆ, ಸಿಗರೇಟು ಸೇದಿ ಯಾರೂ ತೂರಾಡುವುದಿಲ್ಲ. 'ಮತ್ತು ಬರಿಸುವ' ಅಂದರೆ ಅದೇ ಗೋಳು, ಜೊತೆಗೆ ವಾಕ್ಯದಲ್ಲಿ ಇನ್ನೊಂದು 'ಮತ್ತು' ಬಂದರೆ ಓದುವವರ ಗತಿ ದೇವರಿಗೇ ಪ್ರೀತಿ.

ಕೊನೆಯದೊಂದು. ಅಂಟು, ವೈಟ್‌ನರ್, ಪೆಟ್ರೋಲ್ ಇವನ್ನು ಬಟ್ಟೆಗೆ ಹಾಕಿ ಮೂಸುವ ಮಕ್ಕಳ ಬಗ್ಗೆ ಎರಡು ಪುಟ ಇದೆ. ಮೊದಲ ಸಲವೇ ಎದೆಬಡಿತ ಹದಗೆಟ್ಟು ಸಾಯಬಹುದಾದದ್ದು ಇದು. ಕರಡಿನಲ್ಲಿ 'ಉಚ್ಛ್ವಾಸಕಗಳು' ಅಂತ ಬರೆದಿದ್ದಾರೆ. ಯಾವ ತಾಯಿಗೂ ತನ್ನ ಮಗನ ಅಂಗಿ ತೋಳಿನ ವಾಸನೆ ಇದರಿಂದ ನೆನಪಾಗುವುದಿಲ್ಲ. 'ಮೂಸುವ ನಶೆ' ಅಂತ ಬದಲಾಯಿಸಿದ್ದೇನೆ. ಮಕ್ಕಳ ಜೊತೆ ಕೆಲಸ ಮಾಡುವವರು ಈ ಬಳಗದಲ್ಲಿದ್ದರೆ, ಆ ಮಕ್ಕಳೇ ಇದಕ್ಕೆ ಏನನ್ನುತ್ತಾರೆ ಅಂತ ದಯವಿಟ್ಟು ತಿಳಿಸಿ.