ಕಾಕಾ, ಟರ್ಮಿನಲ್ ಬಿಚ್ಚಬೇಡಿ

ಕಾಕಾ: (ಫಾರ್ವರ್ಡ್ ವಿಡಿಯೊ) ಇಂಜಿನ್ ಲೈಟ್ ಬಂತಾ? ಬ್ಯಾಟರಿ ಟರ್ಮಿನಲ್ 10 ನಿಮಿಷ ಬಿಚ್ಚಿಡಿ, ಗ್ಯಾರೇಜ್ ಖರ್ಚು ಉಳಿಸಿ!!
ಕಾಕಾ: ಎಲ್ಲರೂ ನೋಡಿ. ನನ್ನ ಗಾಡಿಗೂ ಆ ಹಳದಿ ಲೈಟ್ ಬಂದಿದೆ. ನಾಳೆ ಬೆಳಗ್ಗೆ ಇದನ್ನೇ ಮಾಡುತ್ತೇನೆ.

ಗಂಗಾವತಿ ಮಾಮ: ಒಳ್ಳೇ ಮಾಹಿತಿ 👍 ನಾನೂ ಮಾಡಿದ್ದೆ, ಲೈಟ್ ಹೋಯಿತು.

ನಾನು: ಕಾಕಾ, ದಯವಿಟ್ಟು ಬಿಚ್ಚಬೇಡಿ. ಲೈಟ್ ಹೋಗುತ್ತದೆ, ನಿಜ. ದೋಷ ಅಲ್ಲೇ ಇರುತ್ತದೆ. ಲೈಟ್ ಬಂದ ಹೊತ್ತಿಗೆ ಇಂಜಿನ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ಸ್ಪೀಡಲ್ಲಿತ್ತು, ಲೋಡ್ ಎಷ್ಟಿತ್ತು ಅಂತ ಗಾಡಿಯ ಕಂಪ್ಯೂಟರ್ ಒಂದು ಕೋಡ್ (ದೋಷದ ನಂಬರ್) ಜೊತೆ ಬರೆದಿಟ್ಟಿರುತ್ತದೆ. ಟರ್ಮಿನಲ್ ಬಿಚ್ಚಿದರೆ ಎಷ್ಟೋ ಗಾಡಿಗಳಲ್ಲಿ ಅದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಮೆಕ್ಯಾನಿಕ್ ಏನು ನೋಡಿ ಹೇಳಬೇಕು?

ಗಂಗಾವತಿ ಮಾಮ: ನನ್ನದು ಮತ್ತೆ ಬರಲೇ ಇಲ್ಲವಲ್ಲ?

ನಾನು: ಮಾಮ, ಬಿಚ್ಚದೇ ಇದ್ದರೂ ಹೋಗುತ್ತಿತ್ತೇನೋ. ದೋಷ ಒಮ್ಮೆ ಕಂಡು, ಮುಂದಿನ ಮೂರು ಓಡಾಟದಲ್ಲಿ ಕಾಣದಿದ್ದರೆ ಸಾಮಾನ್ಯವಾಗಿ ಲೈಟ್ ತಾನಾಗಿಯೇ ಆರುತ್ತದೆ. ಅದರ ಶ್ರೇಯ ವಿಡಿಯೊದವನಿಗೆ ಹೋಯಿತು, ಅಷ್ಟೇ.

ತಮ್ಮ: ಸುಮ್ನೆ ಹೆದರಿಸಬೇಡಕ್ಕ. ಹಳದಿ ಅಂದರೆ ಓಡಿಸಬಹುದು, ಕೆಂಪು ಅಂದರೆ ನಿಲ್ಲಿಸಬೇಕು. ಮುಗೀತು.

ನಾನು: ಅರ್ಧ ಸರಿ. ಎಣ್ಣೆ ಡಬ್ಬಿ ಚಿತ್ರದ ಕೆಂಪು ಲೈಟ್ ಬಂದರೆ ಪಕ್ಕಕ್ಕೆ ಹಾಕಿ ಕೂಡಲೇ ಇಂಜಿನ್ ಆಫ್ ಮಾಡಬೇಕು, "ಮನೆ ಇನ್ನೆರಡೇ ಕಿಲೋಮೀಟರ್" ಅನ್ನುವ ಮಾತೇ ಇಲ್ಲ. ಆದರೆ ಹಳದಿಯಲ್ಲೂ ಎರಡು ಥರ ಇದೆ. ಸುಮ್ಮನೆ ಉರಿಯುತ್ತಿದೆ, ಗಾಡಿ ಮೊದಲಿನ ಹಾಗೇ ಓಡುತ್ತಿದೆ ಅಂದರೆ ನಿಧಾನಕ್ಕೆ ಹೋಗಿ ಒಂದೆರಡು ದಿನದಲ್ಲಿ ತೋರಿಸಿ. ಪೆಟ್ರೋಲ್ ಗಾಡಿಯಲ್ಲಿ ಮಿಣುಕುತ್ತಿದೆ, ಗಾಡಿ ಜರ್ಕ್ ಹೊಡೆಯುತ್ತಿದೆ ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ (ಹೊಗೆಯ ವಿಷ ಕಡಿಮೆ ಮಾಡುವ ಸಾಮಾನು) ಹೋಗಿ ಅಲ್ಲಿ ಉರಿದು ಅದನ್ನೇ ಕರಗಿಸುತ್ತದೆ. ಅದು ಹಳದಿಯಾದರೂ ನಿಲ್ಲಿಸಬೇಕಾದ ಲೈಟೇ.

ಅತ್ತೆ: ನಿಮ್ಮ ಕಾಕಾ ವಿಡಿಯೊ ನಂಬೋದಕ್ಕೆ ಕಾರಣ ಇದೆ. ಹೋದ ವರ್ಷ ಒಂದು ವರ್ಕ್‌ಶಾಪ್‌ನಲ್ಲಿ ಕೋಡ್ ನೋಡಿದ ಕೂಡಲೇ ಸೆನ್ಸರ್ ಹೋಗಿದೆ ಅಂದರು. ಬದಲಿಸಿದೆವು. ವಾರದಲ್ಲೇ ಮತ್ತೆ ಲೈಟ್. ದುಡ್ಡು ಹೋಯಿತು.

ಕಾಕಾ: ಅದಕ್ಕೇ ಹಾಕಿದ್ದು ವಿಡಿಯೊ. ಇನ್ನು ಯಾರನ್ನೂ ನಂಬುವುದಿಲ್ಲ.

ನಾನು: ಆ ಸಿಟ್ಟು ನ್ಯಾಯವಾದದ್ದೇ. ಕೋಡ್ ಎಲ್ಲಿ ನೋವಿದೆ ಅಂತ ಮಾತ್ರ ಹೇಳುತ್ತದೆ, ಯಾವ ಸಾಮಾನು ಬದಲಿಸಬೇಕು ಅಂತಲ್ಲ. ಪಿ0420 ಬಂತು ಅನ್ನಿ, ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಓದುತ್ತಾರೆ. ಕನ್ವರ್ಟರೇ ಹೋಗಿರಬಹುದು, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ತಪ್ಪು ಹೇಳುತ್ತಿರಬಹುದು, ಪೈಪ್ ಎಲ್ಲೋ ಲೀಕ್ ಆಗಿರಬಹುದು. ಪರೀಕ್ಷೆ ಮಾಡದೆ ಸಾಮಾನು ಬದಲಿಸಿದವರದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೇ ಕೋಡ್ ನಮ್ಮ ಕೈಯಲ್ಲಿರಬೇಕು. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ನನ್ನ ಹತ್ತಿರ ಇದೆ. ನಂಬರ್ ಬರೆದುಕೊಂಡು ಹೋಗಿ, ಯಾವ ಪರೀಕ್ಷೆ ಮಾಡಿ ಇದನ್ನು ಬದಲಿಸಿ ಅಂತಿದ್ದೀರಿ ಅಂತ ಕೇಳಿ.

ನಾನು: ನಿಮ್ಮದು ಬಿಎಸ್6 ಡೀಸೆಲ್ ಅಲ್ವಾ? ಪಿಕಪ್ ಹೇಗಿದೆ? ಇದಕ್ಕೂ ಮೊದಲು ಬೇರೆ ಲೈಟ್ ಏನಾದರೂ ಬಂದಿತ್ತಾ?

ಕಾಕಾ: ಹೌದು, ಡೀಸೆಲ್. ಪಿಕಪ್ ಇಲ್ಲವೇ ಇಲ್ಲ. ಮೊದಲು ಡಬ್ಬಿಯೊಳಗೆ ಚುಕ್ಕಿ ಇರುವ ಲೈಟ್ ಬರುತ್ತಿತ್ತು, ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಾಡಿ ಮನೆಯಿಂದ ಕೌಲ್ ಬಜಾರ್ ಅಂಗಡಿಗೆ, ಅಂಗಡಿಯಿಂದ ಮನೆಗೆ, ಅಷ್ಟೇ ಓಡೋದು.

ನಾನು: ಹಾಗಾದರೆ ನನ್ನ ಅನುಮಾನ ಡಿಪಿಎಫ್ ಮೇಲೆ, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್. ಮಸಿ ತುಂಬಿದಾಗ ಗಾಡಿ ಹೆಚ್ಚಿಗೆ ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿ ತನಕ ಬಿಸಿ ಮಾಡಿ ಮಸಿ ಸುಡುತ್ತದೆ. ಅದಕ್ಕೆ ಒಂದೇ ಸಮ ಹದಿನೈದು ಇಪ್ಪತ್ತು ನಿಮಿಷದ ಓಟ ಬೇಕು. ರಾಯಲ್ ಸರ್ಕಲ್ ಟ್ರಾಫಿಕ್‌ನಲ್ಲಿ ಅದು ಶುರುವಾಗುತ್ತದೆ, ನೀವು ಅಂಗಡಿ ಮುಂದೆ ಆಫ್ ಮಾಡುತ್ತೀರಿ. ಪ್ರತಿಸಲ ಅರ್ಧಕ್ಕೇ ನಿಲ್ಲುತ್ತದೆ. ಬ್ಯಾಟರಿ ಬಿಚ್ಚಿದರೆ ಮಸಿ ಎಲ್ಲಿಗೆ ಹೋಗುತ್ತದೆ ಹೇಳಿ?

ತಮ್ಮ: ಹಾಗಾದರೆ ಹೊಸಪೇಟೆ ರೋಡಲ್ಲಿ ಕುಡಿತಿನಿ ತನಕ ಒಂದು ರೌಂಡ್ ಹೊಡೆದರೆ ಆಯಿತಲ್ಲ? ಎಲ್ಲರೂ ಅದನ್ನೇ ಹೇಳುತ್ತಾರೆ.

ನಾನು: ಚುಕ್ಕಿ ಲೈಟ್ ಒಂದೇ ಇದ್ದಾಗ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ಇಂಜಿನ್ ಲೈಟೂ ಬಂದಿದೆ, ಪಿಕಪ್ಪೂ ಹೋಗಿದೆ. ಕಾಕಾ, ಇಂಜಿನ್ ತಣ್ಣಗಿದೆಯಾ? ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಹಾಕಿ ತೆಗೆದು ಫೋಟೊ ಕಳಿಸಿ.

ಕಾಕಾ: (ಫೋಟೊ)
ಕಾಕಾ: ಮೇಲಿನ ಗೆರೆ ದಾಟಿ ಒಂದು ಬೆರಳು ಮೇಲಿದೆ. ನಾನು ಆಯಿಲ್ ಹಾಕಿಸೇ ಇಲ್ಲ! ತೆಳ್ಳಗಿದೆ, ಡೀಸೆಲ್ ವಾಸನೆ ಬರುತ್ತಿದೆ.

ನಾನು: ಅರ್ಧಕ್ಕೆ ನಿಂತಾಗ ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಆಯಿಲ್‌ಗೆ ಇಳಿದಿದೆ. ತೆಳ್ಳಗಾದ ಆಯಿಲ್ ಟರ್ಬೊ, ಬೇರಿಂಗ್ ಯಾವುದನ್ನೂ ಕಾಯುವುದಿಲ್ಲ. ಇದೇ ಸ್ಥಿತಿಯಲ್ಲಿ ಲೈಟ್ ಅಳಿಸಿ ಓಡಿಸಿದ್ದರೆ ಇಂಜಿನ್ನೇ ಕೈಕೊಡುತ್ತಿತ್ತು. ಕುಡಿತಿನಿ ಓಟವೂ ಬೇಡ, ಅಂಗಡಿಗೂ ತೆಗೆಯಬೇಡಿ.

ಗಂಗಾವತಿ ಮಾಮ: ಅಂದರೆ ಟೋ ಮಾಡಿಸಬೇಕಾ?

ನಾನು: ಹೌದು. ಮೊದಲು ಕೋಡ್ ಓದಬೇಕು, ಆಮೇಲೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಬೇಕು, ಅದಾದ ಮೇಲೆ ಅವರ ಮೆಷಿನ್‌ನಿಂದಲೇ ಮಸಿ ಸುಡಿಸಬಹುದಾ ಅಂತ ಕೇಳಬೇಕು. ಡಿಪಿಎಫ್ಫೇ ಬದಲಿಸಬೇಕು ಅಂದರೆ ಅದರೊಳಗಿನ ಪ್ರೆಶರ್ ರೀಡಿಂಗ್ ತೋರಿಸಿ ಅನ್ನಿ.

ಕಾಕಾ: ಸರಿ. ವಿಡಿಯೊ ಡಿಲೀಟ್ ಮಾಡುತ್ತೇನೆ.

ನಾನು: ಬೇರೆ ಗುಂಪಿಗೆ ಕಳಿಸಿದ್ದರೆ ಅಲ್ಲೂ ತೆಗೆಯಿರಿ. ಬೆಳಗ್ಗೆ ತೋರಣಗಲ್ಲಿಗೆ ಡ್ಯೂಟಿಗೆ ಹೊರಡುವ ಮೊದಲು ಸ್ಕ್ಯಾನರ್ ತರುತ್ತೇನೆ, ಗಾಡಿ ಕೀ ಕೈಗೆ ಸಿಗುವ ಹಾಗೆ ಇಟ್ಟಿರಿ.