ಮಾರ್ಕ್ ನಾಫ್ಲರ್ ಸೋಲೋ ಆಲ್ಬಂಗಳನ್ನು ಎಲ್ಲಿಂದ ಶುರು ಮಾಡಲಿ?

ಹಳೇಟೇಪು:
ಮೊದಲು ತಪ್ಪೊಪ್ಪಿಗೆ. 2005ರ ಮಾರ್ಚ್‌ನಲ್ಲಿ ನಾಫ್ಲರ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದರಲ್ಲ, ನಾನೂ ಹೋಗಿದ್ದೆ. ಅವರು ಹಾಡಿ ಗಿಟಾರ್ ನುಡಿಸುತ್ತಿದ್ದ ಹಳೇ ರಾಕ್ ಬ್ಯಾಂಡ್ ಡೈರ್ ಸ್ಟ್ರೇಟ್ಸ್ ಕಾಲದ ಹಾಡುಗಳಿಗೆ ಗಂಟಲು ಹರಿಯೋ ಹಾಗೆ ಕೂಗಿದೆ. ಹೊಸ ಹಾಡು ಶುರುವಾದಾಗೆಲ್ಲ ಗೆಳೆಯನ ಜೊತೆ ಆಫೀಸಿನ ಪುರಾಣ ಹರಟುತ್ತಾ ನಿಂತಿದ್ದೆ. ಆ ಬ್ಯಾಂಡಿನ ‘ಬ್ರದರ್ಸ್ ಇನ್ ಆರ್ಮ್ಸ್’ ಕ್ಯಾಸೆಟ್ ನನಗೆ ಕೊಟ್ಟದ್ದು ಸೋದರಮಾವ, ಹೈಸ್ಕೂಲಲ್ಲಿದ್ದಾಗ. ನನ್ನ ಪಾಲಿಗೆ ನಾಫ್ಲರ್ ಅಲ್ಲಿಗೇ ಮುಗಿದಿದ್ದರು.

ಹೋದ ತಿಂಗಳು ರಾತ್ರಿ ಶಿರಾ ದಾಟಿ ದುರ್ಗದ ಕಡೆ ಕಾರು ಓಡಿಸುತ್ತಿದ್ದೆ. ಮಗಳ ಫೋನಿನಿಂದ ಹಾಡುಗಳು ತಾವಾಗೇ ಬರುತ್ತಿದ್ದವು. ‘ಪೈಪರ್ ಟು ದಿ ಎಂಡ್’ ಅಂತ ಒಂದು ಬಂತು. ದನಿ ಗೊತ್ತು, ಹಾಡು ಗೊತ್ತಿಲ್ಲ. ಹಿರಿಯೂರಿನ ಹತ್ತಿರ ಗಾಡಿ ಪಕ್ಕಕ್ಕೆ ಹಾಕಿ ಮತ್ತೆ ಕೇಳಿದೆ. ಮಗಳು ನಿದ್ದೆಗಣ್ಣಲ್ಲಿ “ಊರು ಬಂತಾ ಅಪ್ಪ?” ಅಂದಳು.

ಈಗ ನೋಡಿದರೆ 1996ರ ‘ಗೋಲ್ಡನ್ ಹಾರ್ಟ್’ನಿಂದ 2024ರ ‘ಒನ್ ಡೀಪ್ ರಿವರ್’ವರೆಗೆ ಹತ್ತು ಆಲ್ಬಂ ಇವೆ! ಯಾವುದು ಮೊದಲು?

ಜೋರುವಾಲ್ಯೂಮ್:
ಬೇಜಾರು ಮಾಡ್ಕೋಬೇಡಿ ಸರ್, ನನಗೆ ನಿದ್ದೆ ಬರುತ್ತೆ. ಡೈರ್ ಸ್ಟ್ರೇಟ್ಸ್ ಕಾಲದ ‘ಟೆಲಿಗ್ರಾಫ್ ರೋಡ್’ ಹಾಡಿನಲ್ಲಿ 14 ನಿಮಿಷ ಉಸಿರು ಹಿಡಿಸಿದ ಮನುಷ್ಯ ಈಗ ಕುರ್ಚಿಯಲ್ಲಿ ಕೂತು ಕಥೆ ಹೇಳುವ ತಾತ ಆಗಿದ್ದಾರೆ. ‘ಪ್ರೈವೇಟೀರಿಂಗ್’ ಆಲ್ಬಂನಲ್ಲಿ ಇಪ್ಪತ್ತು ಹಾಡು. ಹತ್ತು ಸಾಕಿತ್ತು.

ಕಾಪಿಬಾಯ್:
ತಾತ ಅಂದದ್ದು ಸರಿ, ಆದ್ರೆ ಕಥೆ ಕೇಳಿ. ಹಳೇಟೇಪು ಅವರೇ, ನಿಮ್ಮನ್ನು ಹಿರಿಯೂರಲ್ಲಿ ನಿಲ್ಲಿಸಿದ ಹಾಡು ನಾಫ್ಲರ್ ಅವರ ಸೋದರಮಾವನ ಬಗ್ಗೆಯೇ. ಫ್ರೆಡ್ಡಿ ಅಂತ, ತಾಯಿಯ ಸಹೋದರ, ಸೈನ್ಯದಲ್ಲಿ ಬ್ಯಾಗ್‌ಪೈಪ್ ನುಡಿಸುತ್ತಿದ್ದ. 1940ರ ಮೇ ತಿಂಗಳಲ್ಲಿ ಫ್ರಾನ್ಸಿನ ಅರಾಸ್ ಹತ್ತಿರ ಯುದ್ಧದಲ್ಲಿ ಸತ್ತ. ಇಪ್ಪತ್ತೇ ವರ್ಷ. ಪೈಪ್ ಜೊತೆಗಿಟ್ಟುಕೊಂಡೇ ಹೋಗಿದ್ದನಂತೆ. 2009ರ ‘ಗೆಟ್ ಲಕ್ಕಿ’ಯ ಕೊನೆಯ ಹಾಡು ಅದು.

ಮುಂದೆ 2015ರ ‘ಟ್ರ್ಯಾಕರ್’ನಲ್ಲಿ ‘ಬೇಸಿಲ್’ ಕೇಳಿ. ಹುಡುಗನಾಗಿದ್ದಾಗ ನಾಫ್ಲರ್ ನ್ಯೂಕಾಸಲ್‌ನ ಪತ್ರಿಕೆಯೊಂದರಲ್ಲಿ ಕಾಪಿ ಬಾಯ್, ಅಂದ್ರೆ ಸುದ್ದಿ ಹಾಳೆಗಳನ್ನು ಮೇಜಿನಿಂದ ಮೇಜಿಗೆ ಒಯ್ಯುವ ಹುಡುಗ. ಅದೇ ಆಫೀಸಿನಲ್ಲಿ ಕವಿ ಬೇಸಿಲ್ ಬಂಟಿಂಗ್ ಹೊಟ್ಟೆಪಾಡಿಗೆ ಕೆಲಸ ಮಾಡುತ್ತಿದ್ದರು. ವಯಸ್ಸಾದ, ಬೇಸತ್ತ ಕವಿಯನ್ನು ಆ ಹುಡುಗ ದೂರದಿಂದ ನೋಡಿದ್ದೇ ಹಾಡು. ನಾನೂ ಇಪ್ಪತ್ತೆರಡು ವರ್ಷ ಡೆಸ್ಕಿನಲ್ಲಿ ಸವೆದವನು, ಅದಕ್ಕೇ ಅದು ಜಾಸ್ತಿ ತಟ್ಟುತ್ತೇನೋ.

ಶುರುವಿಗೆ ಮಾತ್ರ 2000ದ ‘ಸೇಲಿಂಗ್ ಟು ಫಿಲಡೆಲ್ಫಿಯಾ’. ಆಲ್ಬಂ ಹೆಸರಿನದೇ ಹಾಡು ಅದರಲ್ಲಿದೆ, ಅಮೆರಿಕದಲ್ಲಿ ಗಡಿ ಅಳೆಯೋಕೆ ಹೊರಟ ಮೇಸನ್ ಮತ್ತು ಡಿಕ್ಸನ್ ಮಾತಾಡಿಕೊಳ್ಳುವ ಹಾಡು. ಮೇಸನ್ ಆಗಿ ಗಾಯಕ ಜೇಮ್ಸ್ ಟೇಲರ್, ಡಿಕ್ಸನ್ ಆಗಿ ನಾಫ್ಲರ್. ಡಿಕ್ಸನ್ ಇವರ ಸೀಮೆಯವನೇ ನೋಡಿ, ಇಂಗ್ಲೆಂಡಿನ ಈಶಾನ್ಯ ಮೂಲೆಯವ.

ಆರುತಂತಿ:
ಗಿಟಾರ್ ಕಲಿಸುವವನಾಗಿ ನನ್ನದೂ ಒಂದು ಮಾತು. ಗಿಟಾರ್ ಎಲ್ಲೂ ಹೋಗಿಲ್ಲ, ಜೋರುವಾಲ್ಯೂಮ್. ಮೊದಲು ಅದು ಹಾಡಿನ ಮುಂದೆ ನಡೆಯುತ್ತಿತ್ತು. ಈಗ ಕಛೇರಿಯಲ್ಲಿ ಪಿಟೀಲಿನವರು ಮಾಡುವ ಹಾಗೆ ಹಿಂದೆ ಬರುತ್ತೆ. ಸಾಲು ಮುಗಿದ ಕೂಡಲೇ ಎರಡೇ ಸ್ವರ, ಆಮೇಲೆ ಸುಮ್ನೆ. ಅವರು ಪ್ಲೆಕ್ಟ್ರಮ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿಯೋದು ಕಡಿಮೆ, ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳಲ್ಲೇ ಮೀಟುತ್ತಾರೆ. ಎಡಗೈಯವರು ಬೇರೆ, ಆದ್ರೂ ಬಲಗೈ ಗಿಟಾರ್. ಆ ಎರಡು ಸ್ವರ ನುಡಿಸಿ ನೋಡಿ. ನನ್ನ ಶಿಷ್ಯರು ಡೈರ್ ಸ್ಟ್ರೇಟ್ಸ್ ಕಾಲದ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಹಾಡಿನ ಗಿಟಾರ್ ಓಟವನ್ನು ಮೂರು ತಿಂಗಳಲ್ಲಿ ಒಪ್ಪಿಸುತ್ತಾರೆ, ಇದು ಬರಲ್ಲ.

ಇನ್ನೊಂದು, 2003ರಲ್ಲಿ ಲಂಡನ್ನಿನಲ್ಲಿ ಬೈಕ್ ಅಪಘಾತವಾಗಿ ಅವರಿಗೆ ಏಳು ಪಕ್ಕೆಲುಬು, ಕಾಲರ್ ಬೋನ್, ಹೆಗಲಿನ ಮೂಳೆ ಮುರಿದಿದ್ದವು. ತಿಂಗಳುಗಟ್ಟಲೆ ಗಿಟಾರ್ ಹಿಡಿಯೋಕೆ ಆಗಲಿಲ್ಲ. ಅದಾದ ಮೇಲೆ ಬಂದದ್ದು ‘ಶಾಂಗ್ರಿ-ಲಾ’. ಬೆಂಗಳೂರಿಗೆ ಬಂದದ್ದು ಆ ಆಲ್ಬಂ ಹಿಡ್ಕೊಂಡೇ.

ಜೋರುವಾಲ್ಯೂಮ್:
ಪಿಟೀಲು ಅಂತ ಹೇಳಿ ನನ್ನ ಬಾಯಿ ಮುಚ್ಚಿಸಿದಿರಿ. ಆದ್ರೂ ಇಪ್ಪತ್ತು ಹಾಡು ಜಾಸ್ತಿನೇ.

ಹಳೇಟೇಪು:
ಎಲ್ಲರಿಗೂ ಥ್ಯಾಂಕ್ಸ್. ಕಾಪಿಬಾಯ್ ಸರ್, ಸೋದರಮಾವನ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕೆ ಆಗಲಿಲ್ಲ. ನಮ್ಮ ಮಾವ ಹೋಗಿ ಆರು ವರ್ಷವಾಯಿತು. ಕ್ಯಾಸೆಟ್ ಇನ್ನೂ ಇದೆ, ಟೇಪ್ ಅಂಟಿಕೊಂಡಿದೆ.

‘ಸೇಲಿಂಗ್’ ನಾಲ್ಕು ಸಲ ಕೇಳಿದೆ. ‘ಬೇಸಿಲ್’ ಮೊದಲ ಸಲಕ್ಕೆ ಹಿಡಿಸಲಿಲ್ಲ, ನಾಳೆ ಬಸ್ಸಿನಲ್ಲಿ ಮತ್ತೆ ನೋಡ್ತೀನಿ. ಅವತ್ತು ಮೈದಾನದಲ್ಲಿ ನನ್ನ ಜೊತೆ ಹರಟಿದ ಗೆಳೆಯನಿಗೂ ‘ಸೇಲಿಂಗ್’ ಕಳಿಸಿದೆ. “ಇದನ್ನ ಅವತ್ತು ಹಾಡಿದ್ರಾ?” ಅಂತ ಕೇಳಿದ. ನನಗೂ ನೆನಪಿಲ್ಲ ಮಾರಾಯ, ಅಂದೆ. ಇಲ್ಲಿ ಯಾರಾದ್ರೂ ಆ ಶೋಗೆ ಬಂದು, ಮಾತಾಡದೆ ಕೇಳಿದವರು ಇದ್ದೀರಾ?