ಹವ್ಯಾಸಕ್ಕೆ ಓಎಸ್ (ಆಪರೇಟಿಂಗ್ ಸಿಸ್ಟಂ) ಬರೆಯಲು ಏನೇನು ಬೇಕು? ಬರೆದವರು ಹೇಳಿ

ಕೇಳಿದ್ದು: ಸಿ ಭಾಷೆ ಚೆನ್ನಾಗಿ ಬರುತ್ತದೆ, ಪ್ರೊಸೆಸರಿಗೆ ನೇರ ಆದೇಶ ಬರೆಯುವ ಅಸೆಂಬ್ಲಿ ಅಷ್ಟಕ್ಕಷ್ಟೇ. ಸುಮ್ನೆ ಖುಷಿಗೆ ಒಂದು ಪುಟ್ಟ ಓಎಸ್ ಬರೆಯುವ ಆಸೆ. ಪರದೆಯ ಮೇಲೆ ಅಕ್ಷರ ಬರಬೇಕು, ಕೀಬೋರ್ಡ್ ಒತ್ತಿದ್ದು ತಿಳಿಯಬೇಕು, ಅಷ್ಟೇ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಲ್ಯಾಪ್‌ಟಾಪ್ ಸದ್ಯಕ್ಕೆ ಪಕ್ಕಕ್ಕಿಡಿ, ಕ್ಯೂಎಮು (ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ಸಾಫ್ಟ್‌ವೇರ್) ಸಾಕು. 32 ಬಿಟ್ ಎಕ್ಸ್86 (ಇಂಟೆಲ್ ಮಾದರಿಯ ಪ್ರೊಸೆಸರ್) ಹಿಡಿಯಿರಿ. ಓಎಸ್ ಅನ್ನು ಮೆಮೊರಿಗೆ ತಂದು ಶುರು ಮಾಡುವ ಬೂಟ್‌ಲೋಡರ್ ಕೂಡ ನೀವೇ ಬರೆಯಬಹುದು. ಯಂತ್ರ ಆನ್ ಆದಾಗ ಮೊದಲು ಓಡುವ ಬಯಾಸ್, ಡಿಸ್ಕಿನ ಮೊದಲ 512 ಬೈಟ್ ತಂದು ಹೆಕ್ಸ್ (16ರ ಆಧಾರದ ಸಂಖ್ಯೆ) 7ಸಿ00 ವಿಳಾಸದಲ್ಲಿಟ್ಟು ಅಲ್ಲಿಗೆ ಜಿಗಿಯುತ್ತದೆ. ಕೊನೆಯ ಎರಡು ಬೈಟ್ ಹೆಕ್ಸ್ 55, ಎಎ ಇರಲೇಬೇಕು. ಆದರೆ ಅಲ್ಲಿಂದ ಎ20 (1 ಎಂಬಿ ಮೇಲಿನ ಮೆಮೊರಿಯ ದಾರಿ) ತೆರೆಯುವುದು, ಜಿಡಿಟಿ (ಮೆಮೊರಿ ಭಾಗಗಳ ಪಟ್ಟಿ) ಕಟ್ಟುವುದು, 32 ಬಿಟ್‌ನ ಪ್ರೊಟೆಕ್ಟೆಡ್ ಮೋಡ್‌ಗೆ ಹೋಗುವುದು ಅಂತ ಇದರಲ್ಲೇ ಉತ್ಸಾಹ ಇಳಿದುಹೋದವರು ಜಾಸ್ತಿ.

ಉತ್ತರ: ಅದಕ್ಕೇ ನಾನು ಗ್ರಬ್ (ಸಿದ್ಧ ಬೂಟ್‌ಲೋಡರ್) ಅನ್ನುತ್ತೇನೆ. ಕರ್ನಲ್ (ಓಎಸ್‌ನ ತಿರುಳು) ಫೈಲಿನ ಮೊದಲ 8192 ಬೈಟ್ ಒಳಗೆ ಗ್ರಬ್ ಗುರುತಿಸುವ ಮಲ್ಟಿಬೂಟ್ ಹೆಡರ್ ಇಡಿ. ಗ್ರಬ್ ನಿಮ್ಮನ್ನು 32 ಬಿಟ್ ಮೋಡ್‌ಗೆ ತಂದು ನಿಲ್ಲಿಸುತ್ತದೆ. ಕೇಳಿಕೊಂಡರೆ ರ‍್ಯಾಮ್ ಎಲ್ಲೆಲ್ಲಿದೆ ಅಂತಲೂ ಹೇಳುತ್ತದೆ. ಸ್ಟ್ಯಾಕ್ (ಫಂಕ್ಷನ್‌ಗಳು ಬಳಸುವ ತಾತ್ಕಾಲಿಕ ಜಾಗ) ಮಾತ್ರ ಕೊಡುವುದಿಲ್ಲ. ಸ್ಟ್ಯಾಕ್ ಎಲ್ಲಿದೆ ಎಂದು ಹಿಡಿದಿಡುವ ಇಎಸ್‌ಪಿ ರಿಜಿಸ್ಟರಿಗೆ ನೀವೇ ಜಾಗ ತೋರಿಸಿ, ಆಮೇಲೆ ಸಿ ಫಂಕ್ಷನ್ ಕರೆಯಿರಿ. ಪರದೆ ಸುಲಭ: ಹೆಕ್ಸ್ ಬಿ8000 ವಿಳಾಸದಿಂದ 80 ಕಾಲಂ, 25 ಸಾಲು. ಪ್ರತಿ ಅಕ್ಷರಕ್ಕೆ ಒಂದು ಬೈಟ್, ಅದರ ಬಣ್ಣಕ್ಕೆ ಇನ್ನೊಂದು.

ಉತ್ತರ: ಕಂಪೈಲರ್ ವಿಷಯ ಹೇಳಲು ಮರೆತಿರಿ. ಐ686-ಇಎಲ್‌ಎಫ್‌ಗೆ (ಓಎಸ್ ಇಲ್ಲದ 32 ಬಿಟ್ ಯಂತ್ರಕ್ಕೆ) ಕ್ರಾಸ್ ಕಂಪೈಲರ್ ಕಟ್ಟಿಕೊಳ್ಳಿ. ಪ್ರಿಂಟ್‌ಎಫ್, ಮ್ಯಾಲಾಕ್‌ನಂಥ ಸಿ ಲೈಬ್ರರಿಯ ಫಂಕ್ಷನ್ ಯಾವುದೂ ಇರುವುದಿಲ್ಲ. ಮೆಮೊರಿ ನಕಲಿಸುವ ಮೆಮ್‌ಕಾಪಿ, ತುಂಬುವ ಮೆಮ್‌ಸೆಟ್ ಬರೆದಿಡಿ. ನೀವು ಕರೆಯದಿದ್ದರೂ ಜಿಸಿಸಿ ಕಂಪೈಲರ್ ತಾನಾಗಿ ಕರೆಯಬಹುದು.

ಉತ್ತರ: ನಿಜವಾಗಿ ತಲೆ ತಿನ್ನುವುದು ಇಂಟರಪ್ಟ್, ಅಂದರೆ ಸಿಪಿಯುವನ್ನು ಅರ್ಧದಲ್ಲೇ ತಡೆದು ಕರೆಯುವ ಸಂಕೇತ. ಇಂಟೆಲ್ ಮೊದಲ 32 ವೆಕ್ಟರ್‌ಗಳನ್ನು (ಇಂಟರಪ್ಟ್ ಸಂಖ್ಯೆಗಳನ್ನು) ಸಿಪಿಯುಗೆ ಮೀಸಲಿಟ್ಟಿತ್ತು. ಐಬಿಎಂ ತನ್ನ ಪಿಸಿಯಲ್ಲಿ ಅದನ್ನು ಲೆಕ್ಕಿಸದೆ ಹೊರಗಿನ ಸಾಧನಗಳನ್ನು 8ರಿಂದ ಕೂರಿಸಿತು. ಆ ಹೊರೆ ಇವತ್ತಿಗೂ ನಮ್ಮ ತಲೆಯ ಮೇಲಿದೆ. ಟೈಮರ್ ಬಡಿದರೆ 8ಕ್ಕೆ ಬರುತ್ತದೆ, ಸಿಪಿಯು ಲೆಕ್ಕದಲ್ಲಿ 8 ಅಂದರೆ ಡಬಲ್ ಫಾಲ್ಟ್ (ಒಂದು ದೋಷ ನಿಭಾಯಿಸುವಾಗಲೇ ಇನ್ನೊಂದು ದೋಷ)! ಹಾಗಾಗಿ ಇಂಟರಪ್ಟ್ ನಿಯಂತ್ರಿಸುವ ಚಿಪ್ 8259 ಪಿಐಸಿಯನ್ನು ಮೊದಲು 32ರಿಂದ ಶುರುವಾಗುವಂತೆ ಬದಲಿಸಿ. ಐಡಿಟಿ (ಯಾವ ಇಂಟರಪ್ಟ್‌ಗೆ ಯಾವ ಫಂಕ್ಷನ್ ಎಂಬ ಪಟ್ಟಿ) ತುಂಬಿ. ಆಮೇಲಷ್ಟೇ ಇಂಟರಪ್ಟ್‌ಗಳಿಗೆ ಅನುಮತಿ ಕೊಡುವ ಎಸ್‌ಟಿಐ ಆದೇಶ. ಕೀಬೋರ್ಡ್ ಬೈಟ್ ಹೆಕ್ಸ್ 60 ಪೋರ್ಟ್‌ನಲ್ಲಿ ಸಿಗುತ್ತದೆ. ಅದು ಅಕ್ಷರವಲ್ಲ, ಸ್ಕ್ಯಾನ್‌ಕೋಡ್ (ಯಾವ ಕೀ ಎಂಬ ಸಂಖ್ಯೆ). ಓದಿಯಾದ ಮೇಲೆ ಪಿಐಸಿಗೆ ‘ಮುಗಿಯಿತು’ ಅಂತ ತಿಳಿಸಬೇಕು: ಹೆಕ್ಸ್ 20 ಪೋರ್ಟ್‌ಗೆ ಹೆಕ್ಸ್ 20 ಬರೆಯಿರಿ. ಒಂದೇ ಒಂದು ಕೀ ಕೆಲಸ ಮಾಡಿ ಆಮೇಲೆ ಎಲ್ಲ ಸ್ತಬ್ಧವಾದರೆ ಮೊದಲು ಅದನ್ನೇ ನೋಡಿ.

ಉತ್ತರ: ಸಂದೇಶಗಳನ್ನು ಹೊರಗೆ ಕಳಿಸಲು ಸೀರಿಯಲ್ ಪೋರ್ಟ್ ಡ್ರೈವರ್ ಮೊದಲ ದಿನವೇ ಬರೆಯಿರಿ, ವಿಳಾಸ ಹೆಕ್ಸ್ 3ಎಫ್8. ಟ್ರಿಪಲ್ ಫಾಲ್ಟ್ (ಡಬಲ್ ಫಾಲ್ಟ್ ನಿಭಾಯಿಸುವಾಗಲೂ ದೋಷ) ಆದರೆ ಯಂತ್ರ ಏನೂ ಹೇಳದೆ ರೀಬೂಟ್ ಆಗುತ್ತದೆ, ಪರದೆ ನೋಡಿ ಪ್ರಯೋಜನವಿಲ್ಲ. ಕ್ಯೂಎಮುವಿನಲ್ಲಿ ರೀಬೂಟ್ ತಡೆಯುವ, ಇಂಟರಪ್ಟ್ ಲಾಗ್ ಬರೆಯುವ ಆಯ್ಕೆಗಳಿವೆ, ಎರಡನ್ನೂ ಹಾಕಿಡಿ.

ಕೇಳಿದವರು: ತುಂಬಾ ಥ್ಯಾಂಕ್ಸ್! ಕನ್ನಡ ಅಕ್ಷರ ಮೂಡಿಸಬಹುದಾ?

ಉತ್ತರ: ಟೆಕ್ಸ್ಟ್ ಮೋಡ್‌ನಲ್ಲಿ (ಮೇಲೆ ಹೇಳಿದ 80 ಕಾಲಂ, 25 ಸಾಲಿನ ಪರದೆ) ಕಷ್ಟ. ಮಾಮೂಲಿಯಾಗಿ 256 ಅಕ್ಷರಚಿತ್ರಗಳಿಗಷ್ಟೇ ಜಾಗ, ಅದೂ ಇಕ್ಕಟ್ಟಾದ ಚೌಕಗಳಲ್ಲಿ. ಗುಣಿತ, ಒತ್ತಕ್ಷರ ಹಿಡಿಸಲ್ಲ ಅಲ್ವಾ? ಗ್ರಬ್‌ಗೆ ಫ್ರೇಂಬಫರ್ (ಪರದೆಯ ಪಿಕ್ಸೆಲ್‌ಗಳನ್ನು ನೇರವಾಗಿ ಬರೆಯುವ ಮೆಮೊರಿ) ಕೇಳಿ. ನಿಮಗೆ ಬೇಕಾದ ಪದಗಳನ್ನು ಮೊದಲೇ ಬಿಟ್‌ಮ್ಯಾಪ್ ಮಾಡಿಟ್ಟುಕೊಂಡು ಒಂದೊಂದೇ ಪಿಕ್ಸೆಲ್ ಬರೆಯಿರಿ. ಟೈಪ್ ಮಾಡಿದ್ದೆಲ್ಲ ಕನ್ನಡದಲ್ಲಿ ಬರಬೇಕು ಅಂದರೆ ಅದು ಬೇರೆಯದೇ ಪ್ರಾಜೆಕ್ಟು.